ನಾನು ಹಾರಿಸಿದ ಸರ್ಗ

ಕಣ್ಣು ಕಾಣದ ಎಂಬತ್ತೊಂದು ವರ್ಷದ ಹೆಂಗಸೊಬ್ಬರಿಗೆ ಪುಸ್ತಕ ಓದಿ ಹೇಳುತ್ತಾ ನಾನು ಒಂದು ಸುಳ್ಳು ಹೇಳಿದ್ದೇನೆ. ಬಾಯಿ ತಪ್ಪಿ ಬಂದ ಸುಳ್ಳಲ್ಲ. ಹಿಂದಿನ ದಿನವೇ ಯೋಚಿಸಿ, ಪುಟಗಳಿಗೆ ಕ್ಲಿಪ್ ಹಾಕಿಟ್ಟುಕೊಂಡು ಹೇಳಿದ್ದು. ಆಮೇಲೆ ಒಂದು ವಾರ, ಎಂಥ ಒಳ್ಳೆಯ ಕೆಲಸ ಮಾಡಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡು ಓಡಾಡಿದೆ.

ಅವರು ಪರದೇಶದ ಈ ಶೋರ್‌ಲೈನ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ಎರಡೂ ಹಿತ್ತಲುಗಳ ನಡುವೆ ಎದೆಮಟ್ಟದ ಒಂದು ಸೀಡರ್ ಮರದ ಬೇಲಿ, ಬೇಲಿಯ ಮೇಲೆ ಎಷ್ಟು ಕತ್ತರಿಸಿದರೂ ಮತ್ತೆ ಬರುವ ಬ್ಲ್ಯಾಕ್‌ಬೆರಿ ಬಳ್ಳಿ. ಮೂವತ್ತು ವರ್ಷ ಇಲ್ಲಿನ ಕಾಲೇಜೊಂದರಲ್ಲಿ ಇಟಾಲಿಯನ್ ಕಲಿಸಿ ನಿವೃತ್ತರಾದವರು. ಕಣ್ಣಿನ ನಡುಭಾಗದ ನೋಟ ಪೂರ್ತಿ ಹೋಗಿತ್ತು, ಅಂಚಿನ ನೋಟ ಸ್ವಲ್ಪ ಉಳಿದಿತ್ತು. "ನಿನ್ನ ಕಿವಿ ಕಾಣುತ್ತೆ, ಓಲೆ ಕಾಣುತ್ತೆ, ಮುಖ ಇಲ್ಲ" ಅಂತ ಮೊದಲ ದಿನವೇ ನಗುತ್ತಾ ಹೇಳಿದ್ದರು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಲ್ಲಿ ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ದನಿ ನನಗೆ ನೆನಪಾಗುವುದೂ ಹಾಗೆಯೇ.

ನಾನು ಪಟ್ಟಣದ ಡೆನ್ನಿ ಟ್ರಯಾಂಗಲ್ ಬಡಾವಣೆಯ ಒಂದು ಗಾಜಿನ ಕಟ್ಟಡದಲ್ಲಿ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುವ ಕೆಲಸ ಮಾಡುತ್ತೇನೆ. ಅದು ಹೊಟ್ಟೆಪಾಡು. ನನ್ನ ನಿಜವಾದ ವಿದ್ಯೆ ಗಮಕ. ಮೈಸೂರಿನಲ್ಲಿ ಕಾಲೇಜು ಓದುವಾಗ ಗುರುಗಳೊಬ್ಬರ ಮನೆಯ ಜಗಲಿಯಲ್ಲಿ ಕೂತು ಆರು ವರ್ಷ ಕಲಿತದ್ದು. ಹಳೆಯ ಕಾವ್ಯವನ್ನು ರಾಗವಾಗಿ ಓದುವುದು, ಓದಿದ್ದಕ್ಕೆ ಅರ್ಥ ಹೇಳುವುದು. ಇಲ್ಲಿ ಯಾರಿಗೆ ಬೇಕು ಅದು? ಪಕ್ಕದೂರು ಬಾಥೆಲ್‌ನ ದೇವಸ್ಥಾನದಲ್ಲಿ ವರ್ಷಕ್ಕೊಂದು ಸಲ ಹದಿನೈದು ನಿಮಿಷ ಕೊಡುತ್ತಾರೆ. ಹನ್ನೆರಡನೇ ನಿಮಿಷಕ್ಕೆ ಊಟದ ಕ್ಯೂ ಶುರುವಾಗುತ್ತದೆ. ಅದಕ್ಕೇ ನಾನು ಹೆಚ್ಚಾಗಿ ಹಿತ್ತಲಲ್ಲಿ ಓದಿಕೊಳ್ಳುತ್ತಿದ್ದೆ, ಬ್ಲ್ಯಾಕ್‌ಬೆರಿಗೆ ಕೇಳಿಸಿದರೆ ಸಾಕು ಅಂತ.

ಒಂದು ಸೆಪ್ಟೆಂಬರಿನ ಮಧ್ಯಾಹ್ನ ಬೇಲಿಯ ಆಚೆಯಿಂದ ಪ್ರಶ್ನೆ ಬಂತು. "ಏನದು ಹಾಡ್ತಿರೋದು?"

"ಹಾಡಲ್ಲ, ಕಾವ್ಯ. ಆರಾರು ಸಾಲಿನ ಪದ್ಯ," ಅಂದೆ.

"ನನ್ನ ಕವಿದು ಮೂರ್ಮೂರು ಸಾಲು," ಅಂದರು. "ನನಗೆ ಓದೋಕಾಗ್ತಿಲ್ಲ. ನೀನು ಓದ್ತೀಯಾ?"

ಆಡಿಯೋ ಪುಸ್ತಕ ಇದೆಯಲ್ಲ ಅಂತ ನಾನು ಕೇಳಿಯೇಬಿಟ್ಟೆ, ನನ್ನ ನಾಲಗೆಗೆ ಅಷ್ಟು ಸಂಯಮವಿಲ್ಲ. ಮಷೀನಿಗೆ ಹೆದರಿಕೆ ಆಗಲ್ಲ, ಹೆದರದೇ ಓದಿದರೆ ಆ ಪುಸ್ತಕ ಬರೀ ಶಬ್ದ ಅಂದರು. ಆ ಮಾತು ನನಗೆ ಹಿಡಿಸಿತು. ಆ ಶನಿವಾರದಿಂದ ಶುರು ಮಾಡಿದೆವು, ವಾರಕ್ಕೆ ಒಂದು ಸರ್ಗ.

ಕವಿ ಏಳುನೂರು ವರ್ಷದ ಹಿಂದಿನವನು. ನರಕ, ಅದರ ಆಚೆ ಒಂದು ಬೆಟ್ಟ, ಅದರ ಮೇಲೆ ಸ್ವರ್ಗ, ಮೂರನ್ನೂ ನಡೆದು ನೋಡಿ ಬಂದೆ ಅಂತ ಬರೆದವನು. ಪಂಡಿತರೆಲ್ಲ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದಾಗ ಈತ ಸಂತೆಯ ಹೆಂಗಸರಿಗೂ ತಿಳಿಯುವ ಮನೆಮಾತಿನಲ್ಲಿ ಬರೆದ. ಅಷ್ಟು ಕೇಳಿದ ಮೇಲೆ ನನಗೆ ಅವನು ನಮ್ಮ ಕಡೆಯವನೇ ಅನ್ನಿಸಿತು. ಸಂಸ್ಕೃತ ಬಿಟ್ಟು ಕನ್ನಡ ಹಿಡಿದವರನ್ನು ಓದಿ ಬೆಳೆದವಳು ನಾನು. ಪ್ರತಿ ಸರ್ಗದಿಂದ ಅವರು ನೆನಪಿನಿಂದ ನಾಲ್ಕೈದು ಪದ್ಯ ಇಟಾಲಿಯನ್ನಿನಲ್ಲಿ ಹೇಳಿಕೊಡುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಇಟಾಲಿಯನ್ನಿನ ಜೋಡಿ ವ್ಯಂಜನಗಳು ನಮ್ಮ ಒತ್ತಕ್ಷರಗಳಲ್ಲಿ ಸಲೀಸಾಗಿ ಕೂರುತ್ತವೆ. ಬರೆದುಕೊಂಡದ್ದನ್ನು ರಾಗ ಹಾಕಿ ಓದಿದಾಗ ಅವರು ಕಣ್ಣು ಮುಚ್ಚಿ, ತಪ್ಪಿದ ಕಡೆ ಮಾತ್ರ ಬೆರಳೆತ್ತುತ್ತಿದ್ದರು. ಉಳಿದದ್ದನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೆ.

ಮೊದಮೊದಲು ಕವಿಯ ಮೇಲೆ ನನಗೆ ಸಿಟ್ಟೇ ಹೆಚ್ಚಿತ್ತು. ಒಂಬತ್ತು ವರ್ಷದವನಿದ್ದಾಗ ಕಂಡ ಹುಡುಗಿಯನ್ನು ಜೀವಮಾನವಿಡೀ ನೆನೆದು ಸ್ವರ್ಗದಲ್ಲಿ ಕೂರಿಸುತ್ತಾನೆ. ಅವನ ಮಕ್ಕಳನ್ನು ಹೆತ್ತು ಸಾಕಿದ ಹೆಂಡತಿಗೆ ಇಷ್ಟು ದೊಡ್ಡ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಆಗದವರನ್ನೆಲ್ಲ ಹೆಸರು ಹಿಡಿದು ನರಕಕ್ಕೆ ತಳ್ಳುತ್ತಾನೆ, ಇನ್ನೂ ಬದುಕಿದ್ದವರಿಗೂ ಜಾಗ ಕಾದಿರಿಸುತ್ತಾನೆ. ಈ ಪದ್ಧತಿ ಮಾತ್ರ ನನಗೆ ಮೆಚ್ಚುಗೆಯಾಯಿತು. ನನ್ನ ಹಳೇ ಮ್ಯಾನೇಜರಿಗೆ ನರಕದ ಎಂಟನೆಯ ಸುತ್ತಿನಲ್ಲಿ ಒಂದು ಸೀಟು ನೋಡಿಟ್ಟಿದ್ದೇನೆ.

ಅವರು ನಗುತ್ತಿದ್ದರು, ಆದರೆ ಕವಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ರಾಜಕೀಯದಲ್ಲಿ ಸೋತ ಪಕ್ಷದವನು ಅಂತ ಅವನ ಊರೇ ಅವನನ್ನು ಹೊರಗೆ ಹಾಕಿತು, ಕಾಲಿಟ್ಟರೆ ಸುಟ್ಟುಬಿಡುತ್ತೇವೆ ಅಂದಿತು. ಎಷ್ಟೋ ವರ್ಷದ ಮೇಲೆ, ತಪ್ಪೊಪ್ಪಿಕೊಂಡರೆ ಬರಬಹುದು ಅಂತ ಹೇಳಿ ಕಳಿಸಿತು. ಮಾಡದ ತಪ್ಪು ಒಪ್ಪಿಕೊಳ್ಳಲ್ಲ ಅಂದ. ಊರೂರು ಅಲೆದು, ಬೇರೆಯವರ ಆಶ್ರಯದಲ್ಲಿ ಬರೆದು ಮುಗಿಸಿ, ಬೇರೆ ಊರಿನಲ್ಲೇ ಸತ್ತ. ಅವನ ಊರು ಆಮೇಲೆ ಮೂಳೆಗಳನ್ನಾದರೂ ಕೊಡಿ ಅಂತ ಎಷ್ಟು ಕೇಳಿದರೂ ಆ ಇನ್ನೊಂದು ಊರು ಕೊಟ್ಟಿಲ್ಲವಂತೆ. ಕೇಳಿ ನನ್ನ ಸಿಟ್ಟು ಇಳಿಯಿತು. ನನಗೇನು, ಬೇಕೆಂದಾಗ ಟಿಕೆಟ್ ತೆಗೆದು ಮೈಸೂರಿಗೆ ಹೋಗಿ ಬರುತ್ತೇನೆ. ಅವನಿಗೆ ಬಾಗಿಲು ಮುಚ್ಚಿಯೇಹೋಗಿತ್ತು.

ಬಾಗಿಲು ಅಂದಾಗ ಒಂದು ವಿಷಯ ಹೇಳಬೇಕು. ಅವರು ತಮ್ಮ ಮನೆಯ ಮುಂಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಕಣ್ಣು ಕಾಣದ ಒಂಟಿ ಹೆಂಗಸು, ಬೀದಿಯಲ್ಲಿ ಪಾರ್ಸೆಲ್ ಕದಿಯುವವರ ಕಾಟ. ನಾನು ಬೈದರೆ "ಬರೋರು ಬರಲಿ ಬಿಡು" ಅನ್ನುತ್ತಿದ್ದರು. ಇದು ಮರೆವು ಅಂತ ನಾನೇ ತೀರ್ಮಾನಿಸಿದೆ. ಪ್ರತಿ ಶನಿವಾರ ಹೊರಡುವಾಗ ಒಳಹಿಡಿಯ ನಡುವೆ ಬೀಗ ಬೀಳಿಸುವ ಬಟನ್ ಇರುತ್ತದಲ್ಲ, ಅದನ್ನು ಅವರಿಗೆ ಹೇಳದೆ ಒತ್ತಿ, ಬಾಗಿಲು ಎಳೆದುಕೊಂಡು, ಭದ್ರವಾಯಿತಾ ಅಂತ ಒಂದು ಸಲ ಜಗ್ಗಿ ನೋಡಿ ಮನೆಗೆ ಬರುತ್ತಿದ್ದೆ. ಪಕ್ಕದ ಮನೆಯವಳಾಗಿ ಅಷ್ಟೂ ಮಾಡದಿದ್ದರೆ ಹೇಗೆ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಅವರ ಮಗ. ನಾವು ಈ ಬೀದಿಗೆ ಬರುವ ಮೊದಲೇ ತೀರಿಕೊಂಡಿದ್ದ. ಡ್ರಗ್ಸ್, ಚಳಿಗಾಲ, ಅಂಗಡಿಯೊಂದರ ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದ ಕಾರಿನೊಳಗೆ ಸಿಕ್ಕ ಅಂತ ಎದುರುಮನೆಯವರು ಹೇಳಿದ್ದರು. ಇಪ್ಪತ್ತಾರು ವರ್ಷವಂತೆ. ಒಬ್ಬನೇ ಮಗ. ಹನ್ನೊಂದು ವರ್ಷ ಪಕ್ಕದಲ್ಲಿದ್ದರೂ ನಾನು ಆ ಮಾತು ಎತ್ತಿರಲಿಲ್ಲ. ಅವರಾಗಿ ಹೇಳಿದರೆ ಕೇಳೋಣ, ಗಾಯ ಕೆದಕುವುದು ಬೇಡ ಅಂತ.

ಈಗ ನಮ್ಮ ಗುರುಗಳ ವಿಷಯ. ಗಮಕದಲ್ಲಿ ಒಂದು ಪದ್ಧತಿಯಿದೆ. ಆ ದಿನದ ಓದನ್ನು ಸಾವು, ಶಾಪ, ಗೋಳು ಇರುವ ಕಡೆ ನಿಲ್ಲಿಸುವಂತಿಲ್ಲ. ಎಷ್ಟು ಹೊತ್ತಾದರೂ ಸರಿ, ಒಂದು ಮಂಗಳದ ಜಾಗಕ್ಕೆ ತಲುಪಿಯೇ ಪುಸ್ತಕ ಮುಚ್ಚಬೇಕು. ಕೇಳಿದವರು ಸಾವಿನ ಮನೆಯಿಂದ ಎದ್ದ ಹಾಗೆ ಎದ್ದು ಹೋಗಬಾರದು ಅನ್ನುತ್ತಿದ್ದರು ಗುರುಗಳು. ಒಂದು ಸಲ ಯಾರದೋ ಮನೆಯಲ್ಲಿ ಓದು. ಯುದ್ಧದಲ್ಲಿ ಎಳೆಯ ಹುಡುಗನೊಬ್ಬ ಸಾಯುವ ಭಾಗ ಬರುವುದಿತ್ತು. ಆ ಮನೆಯ ಸೊಸೆ ತುಂಬಿದ ಬಸುರಿ, ಕಂಬಕ್ಕೊರಗಿ ಕೂತಿದ್ದಳು. ಗುರುಗಳು ಅವಳನ್ನೊಮ್ಮೆ ನೋಡಿ, ನಲವತ್ತು ಪದ್ಯ ಹಾರಿಸಿ, ನಡುವಿನದನ್ನು ಎರಡು ವಾಕ್ಯದ ಅರ್ಥದಲ್ಲಿ ಹೊಲಿದು, ಗೆಲುವಿನ ಪದ್ಯಕ್ಕೆ ಬಂದು ಮಂಗಳದ ರಾಗವಾದ ಮಧ್ಯಮಾವತಿಯಲ್ಲಿ ಮುಗಿಸಿದರು. ಒಬ್ಬರಿಗೂ ಗೊತ್ತಾಗಲಿಲ್ಲ. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಹಿಡಿದು ಕೂತಿದ್ದ ನನಗೆ ಮಾತ್ರ ಗೊತ್ತಾಯಿತು. ವಿದ್ಯೆ ಅಂದರೆ ಇದು ಅನ್ನಿಸಿತು ಆವತ್ತು.

ನರಕವನ್ನು ಓದುವವಳಿಗೆ ಮಂಗಳದ ಜಾಗ ಎಲ್ಲಿಂದ ಸಿಗಬೇಕು! ಪ್ರತಿ ವಾರ ಒದ್ದಾಡುತ್ತಿದ್ದೆ. ಕವಿಗೆ ದಾರಿ ತೋರಿಸುವ ಹಿರಿಯ ಒಂದು ಒಳ್ಳೆಯ ಮಾತಾಡಿದರೆ ಸಾಕು, ಅಲ್ಲಿಗೆ ಹೋಗಿ ನಿಲ್ಲಿಸುತ್ತಿದ್ದೆ. ನನ್ನ ಗಂಡ ಬಾಗಲಕೋಟೆಯ ಕಡೆಯವರು, ತಮಾಷೆ ಮಾಡುವುದಕ್ಕೆ ಅವರಿಗೆ ಕಾರಣವೇ ಬೇಡ. "ಅಲ್ಲಾ, ನರಕಾ ಓದಾಕ ಹೊಂಟೀ, ಮತ್ತ ಮಂಗಳಾರತಿ ತಾಟು ಒಯ್ಯಾಕಿ ಏನು?" ಅಂತ ಶನಿವಾರ ಶನಿವಾರ ಕೇಳುವವರು.

ಮೇ ತಿಂಗಳಲ್ಲಿ ಮೂವತ್ತಮೂರನೆಯ ಸರ್ಗಕ್ಕೆ ಬಂದೆವು. ನರಕದ ಭಾಗ ಮುಗಿಯುವುದು ಮೂವತ್ತನಾಲ್ಕಕ್ಕೆ. ಶುಕ್ರವಾರ ಬಸ್ಸಿನಲ್ಲಿ ಬರುತ್ತಾ ಮುಂದಿನದನ್ನು ಓದಿಕೊಂಡೆ. ಒಬ್ಬ ತಂದೆಯನ್ನು ಅವನ ಎಳೆಯ ಮಕ್ಕಳ ಜೊತೆ ಗೋಪುರದಲ್ಲಿ ಕೂಡಿಹಾಕಿದ್ದಾರೆ. ಒಂದು ಬೆಳಿಗ್ಗೆ ಕೆಳಗೆ ಬಾಗಿಲನ್ನು ಶಾಶ್ವತವಾಗಿ ಮುಚ್ಚುವ ಸದ್ದು ಕೇಳುತ್ತದೆ. ಇನ್ನು ಊಟ ಬರುವುದಿಲ್ಲ. ತಂದೆಯ ಕಣ್ಣೆದುರಿಗೇ ಅವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಅವನು ಅಳುವುದೂ ಇಲ್ಲ. ಓದುತ್ತಾ ಇಳಿಯುವುದು ಮರೆತು ಒಂದು ಸ್ಟಾಪ್ ಮುಂದೆ ಹೋಗಿ ಇಳಿದೆ. ಮಗನನ್ನು ಕಳೆದುಕೊಂಡ ತಾಯಿಗೆ ಇದನ್ನು ಕೂತು ಓದಲೇ? ನನ್ನ ಕಣ್ಣಿಗೆ ಕಂಬಕ್ಕೊರಗಿದ್ದ ಆ ಸೊಸೆ ಬಂದಳು. ಮನೆಗೆ ಬಂದವಳೇ ಆ ಪುಟಗಳಿಗೆ ಕ್ಲಿಪ್ ಹಾಕಿದೆ.

ಶನಿವಾರ ಮೂವತ್ತೆರಡರ ಕೊನೆಯನ್ನು ನೆನಪಿಸಿ, ಒಳ್ಳೆಯ ವ್ಯಾಖ್ಯಾನಕಾರಳ ಹಾಗೆ ಎರಡು ಮಾತಿನಲ್ಲಿ ಹೊಲಿಗೆ ಹಾಕಿ, ನೇರವಾಗಿ ಮೂವತ್ತನಾಲ್ಕಕ್ಕೆ ಹಾರಿದೆ. ಅದರ ಕೊನೆಯಲ್ಲಿ ಕವಿ ಭೂಮಿಯ ಹೊಟ್ಟೆಯಿಂದ ಹೊರಗೆ ಬಂದು ಮತ್ತೆ ನಕ್ಷತ್ರಗಳನ್ನು ನೋಡುತ್ತಾನೆ. ಇಂಥ ಮಂಗಳ ಬೇರೆಲ್ಲಿ ಸಿಗಬೇಕು? ಹಿಂದೆಯೇ ಬರೆದುಕೊಂಡಿದ್ದ ಆ ಸಾಲುಗಳನ್ನು ಮಧ್ಯಮಾವತಿಯಲ್ಲಿ ನಿಧಾನವಾಗಿ ಓದಿ ಪುಸ್ತಕ ಮುಚ್ಚಿದೆ.

ಅವರು ಕಣ್ಣು ತೆರೆದು ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದರು, "ಮೂವತ್ತಮೂರು ಓದಿದೆಯಾ?"

"ಓದಿದೆನಲ್ಲ. ಎರಡನ್ನೂ ಒಟ್ಟಿಗೇ ಓದಿದೆ," ಅಂದೆ. "ನೀವು ನಡುವೆ ಸ್ವಲ್ಪ ನಿದ್ದೆ ಹೋದಿರಿ ಅನ್ಸುತ್ತೆ."

"ಓ," ಅಂದರು. ಸ್ವೆಟರಿನ ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತರು. ನಾನು ಕಪ್ಪುಗಳನ್ನು ತೊಳೆದಿಟ್ಟು, ಬಾಗಿಲಿನ ಬಟನ್ ಒತ್ತಿ, ಎಳೆದು, ಜಗ್ಗಿ ನೋಡಿ ಮನೆಗೆ ಬಂದೆ.

ಗಂಡನಿಗೆ ಹೇಳಿದೆ. "ಛಲೋ ಮಾಡ್ದಿ ಬಿಡು," ಅಂದರು. ಕಾಲೇಜಿನಲ್ಲಿರುವ ಮಗಳಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಮ್ಮಾ, ಯು ಲೈಡ್ ಟು ಎ ಬ್ಲೈಂಡ್ ಲೇಡಿ?" ಅಂದಳು. ನಿನಗೆ ಇವೆಲ್ಲ ತಿಳಿಯಲ್ಲ ಅಂತ ಫೋನ್ ಇಟ್ಟೆ. ಆದರೆ ಆ ಮಾತು ವಾರವೆಲ್ಲ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಲೇ ಇತ್ತು.

ಮುಂದಿನ ಶನಿವಾರ ಹೋದಾಗ ಅವರು ಟೀಗೆ ನೀರು ಇಟ್ಟಿರಲಿಲ್ಲ. ಫೋನು ಮಡಿಲಲ್ಲಿತ್ತು.

"ಬೆಟ್ಟದ ಭಾಗ ಇವತ್ತು ಬೇಡ," ಅಂದರು. "ಗುರುವಾರ ಡಾಕ್ಟರ ಹತ್ತಿರ ಹೋಗಬೇಕು. ನೆನಪಿನ ಪರೀಕ್ಷೆ ಮಾಡ್ತಾರಂತೆ. ನೀನು ಕರ್ಕೊಂಡು ಹೋಗ್ತೀಯಾ?"

"ಏನಾಯ್ತು?"

"ಹೋದ ವಾರ ನಿದ್ದೆ ಹೋದೆನಲ್ಲ. ಒಂದು ಇಡೀ ಸರ್ಗ. ನನಗೆ ನಿದ್ದೆ ಬಂದ ನೆನಪೇ ಇಲ್ಲ. ಕಣ್ಣು ಹೋಯ್ತು, ಸರಿ. ತಲೆಯೂ ಹೋಗ್ತಿದೆ ಅಂದ್ರೆ ಈ ಮನೇಲಿ ಒಬ್ಬಳೇ ಇರೋಕಾಗಲ್ಲ, ಎಲ್ಲಾದರೂ ಸೇರಬೇಕು." ಸ್ವಲ್ಪ ತಡೆದು, "ಅದೂ ಆ ಸರ್ಗ. ಎಂಟು ತಿಂಗಳಿಂದ ನಾನು ಕಾಯ್ತಾ ಇದ್ದದ್ದು ಅದೊಂದಕ್ಕೇ. ಅದಕ್ಕೇ ನಿದ್ದೆ ಹೋಗಿದೀನಿ ನೋಡು," ಅಂದರು.

ಬೇರೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದೇ ಅಂತ ಒಂದು ಕ್ಷಣ ಹುಡುಕಿದ್ದೂ ನಿಜ. ಅವರ ಮುಖ ನನ್ನ ಕಿವಿಯ ಕಡೆಗೆ ತಿರುಗಿತ್ತು, ಯಾವಾಗಲೂ ಹಾಗೆಯೇ.

"ನೀವು ನಿದ್ದೆ ಹೋಗಿಲ್ಲ," ಅಂದೆ. "ನಾನು ಅದನ್ನ ಓದಲೇ ಇಲ್ಲ. ಬೇಕಂತಲೇ ಹಾರಿಸಿದೆ. ಸುಳ್ಳು ಹೇಳಿದೆ."

ಅವರು ಫೋನನ್ನು ಮೇಜಿನ ಮೇಲಿಟ್ಟರು. "ಯಾಕೆ?"

ಗುರುಗಳು, ಬಸುರಿ ಸೊಸೆ, ಮಂಗಳ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಸವೆದ ನೆಪದಂತೆ ಕೇಳತೊಡಗಿತು. ಕೊನೆಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, "ನಿಮ್ಮ ಮಗ..." ಅಂದೆ.

ಎದ್ದು ಹೋಗು ಅನ್ನುತ್ತಾರೆ ಅಂದುಕೊಂಡೆ. ಅಂದಿದ್ದರೆ ನಾನು ಹೋಗುತ್ತಿದ್ದೆ, ತಪ್ಪೂ ಇರುತ್ತಿರಲಿಲ್ಲ.

"ಇಪ್ಪತ್ತೈದು ವರ್ಷ ಆ ಸರ್ಗ ಪಾಠ ಮಾಡಿದೆ," ಅಂದರು. "ಊರಿನ ರಾಜಕೀಯ, ಛಂದಸ್ಸು, ಎಲ್ಲ. ಬಾಗಿಲು ಮುಚ್ಚೋ ಸದ್ದಿನ ಬಗ್ಗೆನೇ ಅರ್ಧ ಗಂಟೆ ಮಾತಾಡ್ತಿದ್ದೆ. ಆಮೇಲೆ ಮಗ ಮನೇಲಿ ಕದಿಯೋಕೆ ಶುರು ಮಾಡಿದ. ಎರಡು ಸಲ ಚಿಕಿತ್ಸೆಗೆ ಹೋಗಿ ಬಂದ. ಗಟ್ಟಿ ಮನಸ್ಸು ಮಾಡಿ, ಬೀದಿಗೆ ಬಿದ್ದರೆ ಬುದ್ಧಿ ಬರುತ್ತೆ ಅಂತ ಎಲ್ಲರೂ ಹೇಳಿದರು. ಎಲ್ಲರೂ ಒಳ್ಳೆಯವರೇ. ನಾನು ಬೀಗ ಬದಲಾಯಿಸಿದೆ. ಅವನು ಬಂದು ಕೀ ಹಾಕಿ ನೋಡಿದ. ನಾನು ಈ ಕುರ್ಚೀಲೇ ಕೂತಿದ್ದೆ. ಕೀ ತಿರುಗದೇ ಇರೋ ಸದ್ದು ಕೇಳ್ತಾ ಇತ್ತು. ಎದ್ದು ತೆಗೀಲಿಲ್ಲ. ಮೂರು ವಾರಕ್ಕೆ ಹೋದ."

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ಆಮೇಲಿನ ವರ್ಷ ಕ್ಲಾಸಲ್ಲಿ ಆ ಸರ್ಗ ಬಂದಾಗ, ಇದನ್ನ ಮನೇಲಿ ಓದಿಕೊಳ್ಳಿ ಅಂದು ಮುಂದೆ ಹೋದೆ. ಅದರ ಮುಂದಿನ ವರ್ಷವೂ. ನಿವೃತ್ತಿ ಆಗೋವರೆಗೂ ಹಾರಿಸಿದೆ. ಮನೇಲಿ ಒಬ್ಬಳೇ ಕೂತು ಎಷ್ಟೋ ಸಲ ಪುಸ್ತಕ ತೆಗೆದಿದೀನಿ, ಆ ಪುಟ ಬಂದ ತಕ್ಷಣ ಕೈ ತಾನೇ ತಿರುಗಿಸಿಬಿಡುತ್ತೆ. ಮಷೀನಾದರೆ ನಾನೇ ಬಟನ್ ಒತ್ತಿ ದಾಟಿಸಿಬಿಡ್ತೀನಿ. ಬೇರೆ ಯಾರಾದರೂ ಎದುರಿಗೆ ಕೂತು ಓದಿದರೆ ಹಾರಿಸೋಕಾಗಲ್ಲ ಅಂತ ನಿನ್ನ ಕರೆದೆ." ಇಲ್ಲಿ ಅವರ ದನಿ ಏರಿತು. "ಅವನ ಮಾತು ಬಂದರೆ ಎಲ್ಲರೂ ಹಾರಿಸ್ತಾರೆ. ಎದುರುಮನೆಯವರು, ನನ್ನ ತಂಗಿ, ಚರ್ಚಿನವರು. ನನಗೆ ನೋವಾಗುತ್ತೆ ಅಂತ. ನೀನೂ ಹಾಗೇ ಮಾಡಿದೆ."

ಅತ್ತದ್ದು ನಾನು, ಅವರಲ್ಲ. ಇಪ್ಪತ್ತಾರು ವರ್ಷ ಬದುಕಿದ್ದ ಒಬ್ಬ ಹುಡುಗನನ್ನು ನಲವತ್ತು ಪದ್ಯದ ಹಾಗೆ ನಾನು ಹಾರಿಸಿದ್ದೆ. ಅವನ ಹೆಸರು ಕೂಡ ನನಗೆ ಗೊತ್ತಿರಲಿಲ್ಲ. ಆಗ ಕೇಳಿದೆ. ಅವರು ಹೇಳಿದರು. ಇನ್ನೊಂದು ಸಲ ಹೇಳಿ ಅಂದೆ. ಇನ್ನೊಂದು ಸಲ ಹೇಳಿದರು.

ಆಮೇಲೆ ಪುಸ್ತಕ ತೆಗೆದು ಕ್ಲಿಪ್ ಬಿಚ್ಚಿದೆ. ಗೋಪುರ, ಎಳೆಯರು, ಕೆಳಗಿನ ಬಾಗಿಲು. ರಾಗ ಹಾಕಲಿಲ್ಲ. ಶೋಕದ ರಾಗ ಮುಖಾರಿಯಲ್ಲಿ ಓದುವ ವಸ್ತುವೇ ಅದು, ಆದರೆ ರಾಗ ಹಾಕಿದರೆ ನನ್ನ ವಿದ್ಯೆ ಅಡ್ಡ ಬರುತ್ತದೆ ಅನ್ನಿಸಿತು. ಬಾಗಿಲಿನ ಸದ್ದಿನ ಜಾಗ ಬಂದಾಗ ಅವರು ಕೈಯೆತ್ತಿ, ಮತ್ತೆ ಓದು ಅಂದರು. ಮೂರು ಸಲ ಓದಿಸಿದರು. ಮೂರನೆಯ ಸಲ ನನ್ನ ದನಿ ನಡುಗಿತು. ಕೊನೆಯ ಎಳೆಯ ಜೀವವೂ ಹೋಗಿ ತಂದೆ ಕುರುಡನ ಹಾಗೆ ಮಕ್ಕಳ ಮೈ ತಡಕುವಲ್ಲಿಗೆ ಬಂದಾಗ, ಸಾಕು ಅಂದರು.

ಅಭ್ಯಾಸ ಎಲ್ಲಿ ಬಿಡುತ್ತದೆ? "ನಕ್ಷತ್ರದ ಸಾಲುಗಳನ್ನಾದರೂ ಇನ್ನೊಮ್ಮೆ ಓದ್ತೀನಿ," ಅಂದೆ. "ಮೂರೇ ಸಾಲು."

"ಬೇಡ. ಅದು ಮುಂದಿನ ವಾರ. ಇವತ್ತು ಇಲ್ಲೇ ನಿಲ್ಲಿಸು."

ನಿಲ್ಲಿಸಿದೆ. ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಸತ್ತ ಮಕ್ಕಳ ಮೇಲೆ ಪುಸ್ತಕ ಮುಚ್ಚಿದೆ. ಗುರುಗಳು ಇದ್ದಿದ್ದರೆ ಬೈಯುತ್ತಿದ್ದರೋ ಏನೋ, ಗೊತ್ತಿಲ್ಲ. ಇವರು ಕುರ್ಚಿಗೆ ತಲೆಯಾನಿಸಿ, ಮಗನಿಗೆ ಬೆಣ್ಣೆ ಹಚ್ಚಿದ ಬ್ರೆಡ್ಡಿಗೆ ಉಪ್ಪು ಹಾಕಿಕೊಂಡು ತಿನ್ನುವ ಚಟವಿತ್ತು ಅಂತ ಶುರು ಮಾಡಿದರು. ಮಧ್ಯಾಹ್ನವಿಡೀ ಅವನ ಮಾತೇ ಆಡಿದರು. ಎರಡು ಸಲ ಜೋರಾಗಿ ನಕ್ಕರು. ಗುರುವಾರದ ಅಪಾಯಿಂಟ್‌ಮೆಂಟನ್ನು ನಾನೇ ಫೋನ್ ಮಾಡಿ ರದ್ದು ಮಾಡಿದೆ.

ಹೊರಟಾಗ ಸಂಜೆಯಾಗುತ್ತಿತ್ತು. ಕಾಗೆಗಳು ಹಿಂಡುಹಿಂಡಾಗಿ ಬಾಥೆಲ್ ಕಡೆಗೆ ಹಾರುತ್ತಿದ್ದವು. ಬಾಗಿಲ ಹತ್ತಿರ ಬಂದು ಹಿಡಿಯ ಮೇಲೆ ಕೈಯಿಟ್ಟೆ, ಹೆಬ್ಬೆರಳು ಅಭ್ಯಾಸಬಲದಿಂದ ಬಟನ್ನಿಗೆ ಹೋಯಿತು. ಆಗ ನನಗೆ ಹೊಳೆಯಿತು. ಎಂಟು ತಿಂಗಳು ಪ್ರತಿ ಶನಿವಾರ ನಾನು ಇದನ್ನು ಒತ್ತಿ ಹೋಗಿದ್ದೇನೆ. ಆದರೂ ಮುಂದಿನ ಶನಿವಾರ ಬಂದರೆ ಬೀಗ ಇರುತ್ತಿರಲಿಲ್ಲ. ಅವರು ಪ್ರತಿ ಶನಿವಾರ ನಾನು ಹೋದ ಮೇಲೆ ಗೋಡೆ ತಡವರಿಸಿಕೊಂಡು ಬಂದು ತೆಗೆದಿದ್ದಾರೆ. ಒಂದು ಮಾತೂ ಆಡಿಲ್ಲ.

ತಿರುಗಿ ನೋಡಿದೆ. ಅವರ ಮುಖ ಬಾಗಿಲ ಕಡೆಗೇ ಇತ್ತು. ನನ್ನನ್ನಲ್ಲ, ಬೀಗ ಬೀಳುವ ಆ ಸದ್ದನ್ನು ಕಾಯುತ್ತಿದ್ದರು.

ಹೆಬ್ಬೆರಳು ತೆಗೆದು, ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಬಂದೆ.